ಬಿದ್ದ ಹಲಸು, 60 ಅಡಿ ಬೇಲಿ

ಪ್ರಶ್ನೆ: ಕಳೆದ ಮಳೆಗಾಲದ ಗಾಳಿಗೆ ನಮ್ಮ ಹಿತ್ತಿಲಿನ ದೊಡ್ಡ ಹಲಸಿನ ಮರ ಬಿತ್ತು. ದಿಮ್ಮಿಯನ್ನು ಮಿಲ್ಲಿಗೆ ಕಳಿಸಿ, ಒಂದಿಂಚು ದಪ್ಪಕ್ಕೆ ಸೀಳಿಸಿ ತಂದಿದ್ದೇವೆ. ರಸ್ತೆ ಬದಿಗೆ 60 ಅಡಿ ಉದ್ದ, 4 ಅಡಿ ಎತ್ತರದ ಬೇಲಿ ಆಗಬೇಕು. ಸಂದಿಲ್ಲದ ಹಾಗೆ ಹಲಗೆಗಳನ್ನು ಅಡ್ಡಡ್ಡ ಹೊಡೆಯುವ ಆಸೆ. ಮಗ ಮಂಗಳೂರಿನಲ್ಲಿ ಟಂಗ್-ಗ್ರೂವ್ ಮಾಡಿದ (ಒಂದರ ಅಂಚಿನ ನಾಲಗೆ ಇನ್ನೊಂದರ ಅಂಚಿನ ಕೊರೆತಕ್ಕೆ ಸಿಕ್ಕಿಕೊಳ್ಳುವ) ರೆಡಿಮೇಡ್ ಪೈನ್ ಹಲಗೆ ನೋಡಿ ಬಂದಿದ್ದಾನೆ. ಅದನ್ನು ತಂದು ಹೊಡೆಯೋಣ, ಇಲ್ಲದಿದ್ದರೆ ಒಂದು ರೂಟರ್ ಕೊಂಡು ನಾನೇ ಅಂಚು ಕೊರೆಯುತ್ತೇನೆ ಅನ್ನುತ್ತಾನೆ. ಯಾವುದು ಒಳ್ಳೆಯದು?
— ಒಬ್ಬ ಓದುಗರು, ಪೆರ್ಲ

ಉತ್ತರ: ಅಕ್ಕಾ, ಮೊದಲು ಒಂದು ಮಾತು. ಆ ಹಲಸನ್ನು ಬಿಡಬೇಡಿ. ಚೆಂಡೆ ಮದ್ದಳೆ ಮಾಡುವವರೂ ಹುಡುಕಿಕೊಂಡು ಹೋಗುವ ಮರ ಅದು. ಅದರ ಹಳದಿ ಚೇಗಿಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಸುತ್ತಲಿನ ಬಿಳಿ ಭಾಗ ಹಾಗಲ್ಲ. ಅದು ಎರಡು ಮಳೆಗಾಲ ಕಂಡರೆ ಹೆಚ್ಚು. ಸೀಳಿದ ಹಲಗೆಯಲ್ಲಿ ಬಿಳಿ ಎಷ್ಟಿದೆಯೋ ಅಷ್ಟನ್ನು ಕತ್ತರಿಸಿ ಒಲೆಗೆ ಹಾಕಿ. ಹೊಟ್ಟೆ ಉರಿಯುತ್ತದೆ, ಆದರೂ ಹಾಕಿ.

ಇನ್ನು ಅಂಚಿನ ವಿಷಯ. ನೀವಿಬ್ಬರೂ ಕೊಳ್ಳುವುದೋ ಮಾಡುವುದೋ ಎಂದು ಯೋಚಿಸುತ್ತಿದ್ದೀರಿ. ನನಗೆ ಭಯವಾದದ್ದು ಟಂಗ್-ಗ್ರೂವ್ ಅನ್ನುವ ಮಾತಿಗೆ. 2009ರಲ್ಲಿ ನಾನು ಬದಿಯಡ್ಕದ ಹತ್ತಿರ ನಮ್ಮ ಮನೆ ಎದುರು ಹೀಗೇ ಬೇಲಿ ಮಾಡಿದ್ದೆ. ಹಲಸಿನದ್ದೇ. ಏಪ್ರಿಲ್ ಬಿಸಿಲಿನಲ್ಲಿ ನಾಲಗೆಗಳನ್ನು ಗ್ರೂವ್‌ಗೆ ಸುತ್ತಿಗೆಯಿಂದ ತಟ್ಟಿ ತಟ್ಟಿ ಬಿಗಿಯಾಗಿ ಕೂರಿಸಿದೆ. ಒಂದು ಇರುವೆ ನುಗ್ಗದ ಹಾಗಿತ್ತು. ಆಟಿ ತಿಂಗಳ ಮಳೆ ಹಿಡಿಯಿತು ನೋಡಿ, ಒಂದು ರಾತ್ರಿ ಪಟ್ ಅಂತ ಸದ್ದು. ಬೆಳಿಗ್ಗೆ ಹೋಗಿ ನೋಡಿದರೆ ನಡುವಿನ ಹಲಗೆಗಳು ಹೊಟ್ಟೆ ಉಬ್ಬಿಸಿಕೊಂಡು ರಸ್ತೆ ಕಡೆಗೆ ಬಂದಿದ್ದವು. ಎರಡು ಕಡೆ ನಾಲಗೆ ಸೀಳಿತ್ತು. ಉಳಿದ ಒಂದು ಹಲಗೆಯ ಅಗಲ ಅಳೆದೆ. ಬೇಸಿಗೆಯಲ್ಲಿ ಹಾಕಿದ್ದ ಗುರುತಿಗಿಂತ 2 ಮಿ.ಮೀ. ಜಾಸ್ತಿ. 2 ಮಿ.ಮೀ. ಏನು ಮಹಾ ಅಲ್ವಾ? ನಿಮ್ಮ ಬೇಲಿಗೆ ಮೇಲಿಂದ ಕೆಳಗೆ 11 ಹಲಗೆ ಬರುತ್ತವೆ. 22 ಮಿ.ಮೀ. ಆಯಿತು. ಸುಮಾರು ಒಂದಿಂಚು ಹಿಗ್ಗಿದ ಮರ ಎಲ್ಲಿಗೆ ಹೋಗಬೇಕು?

ಅದಕ್ಕೇ ನಮ್ಮ ಮಳೆಗೆ ಟಂಗ್-ಗ್ರೂವ್ ಬೇಡ. ಬಾಗಿಲ ಚೌಕಟ್ಟಿಗೆ ಹೊಡೆಯುತ್ತಾರಲ್ಲ, ಅಂಥ ರಿಬೇಟ್ ಸಾಕು. ಹಲಗೆಯ ಮೇಲಂಚಿನಲ್ಲಿ ಹೊರಮೈಯಿಂದ ಅರ್ಧ ದಪ್ಪ ತೆಗೆಯಿರಿ. ಕೆಳಂಚಿನಲ್ಲಿ ಒಳಮೈಯಿಂದ ತೆಗೆಯಿರಿ. ಆಗ ಮೇಲಿನ ಹಲಗೆಯ ತುಟಿ ಹೊರಗಿನಿಂದ ಕೆಳಗಿನದರ ಮೇಲೆ ಇಳಿಯುತ್ತದೆ. ಹಂಚು ಹೊದಿಸಿದ ಹಾಗೆ ನೀರು ಹೊರಗೆ ಜಾರುತ್ತದೆ. ಗ್ರೂವ್‌ನಲ್ಲಾದರೆ ಅದೇ ನೀರು ನಿಂತು ಮರವನ್ನು ಕೊಳೆಸುತ್ತದೆ. ತುಟಿ ಅರ್ಧ ಇಂಚು ಇರಲಿ. ಕೂರಿಸುವಾಗ ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ದಪ್ಪದ ಸಂದು ಬಿಡಿ. ಮಳೆಗಾಲದಲ್ಲಿ ಮರ ಹಿಗ್ಗಿ ತಾನಾಗಿ ಅದನ್ನು ತುಂಬುತ್ತದೆ. ಹೊರಗಿನಿಂದ ನೋಡಿದವರಿಗೆ ಸಂದು ಕಾಣುವುದೂ ಇಲ್ಲ.

ಮಗ ನೋಡಿ ಬಂದ ಪೈನ್ ಬಗ್ಗೆ. ಅಂಥ ಹಲಗೆ ಹೆಚ್ಚಾಗಿ ಮನೆಯೊಳಗಿನ ಗೋಡೆಗೆ, ಸೀಲಿಂಗಿಗೆ ಬರುವಂಥದ್ದು. ಬಯಲಿಗೆ ಹಾಕುವುದಾದರೆ ಒತ್ತಡದಲ್ಲಿ ಔಷಧಿ ಕುಡಿಸಿದ ಪೈನೇ ಆಗಬೇಕು. ಕೊಳ್ಳುವ ಮೊದಲು ಒಂದು ತುಂಡು ಕತ್ತರಿಸಿ ತೋರಿಸಲು ಹೇಳಿ. ಔಷಧಿಯ ಬಣ್ಣ ಒಳಗಿನವರೆಗೆ ಇಳಿದಿರಬೇಕು. ಬೆರಳು ಬೆರಳು ಹೆಣೆದ ಹಾಗೆ ತುಂಡುಗಳನ್ನು ಅಂಟಿಸಿದ ಹಲಗೆ ಆದರೆ ಬಿಟ್ಟುಬಿಡಿ, ಒಳಗಿನ ಕೆಲಸದ ಅಂಟು ನಮ್ಮ ಒಂದು ಮಳೆಗಾಲ ತಡೆಯುವುದಿಲ್ಲ. ನಿಮ್ಮಲ್ಲಿ ಮರ ಇಲ್ಲದಿದ್ದರೆ, ಇದೇ ಪತ್ತನಾಜೆಯೊಳಗೆ, ಅಂದರೆ ಮಳೆಗಾಲಕ್ಕೆ ಮೊದಲೇ, ಬೇಲಿ ಆಗಲೇಬೇಕು ಅಂತಿದ್ದರೆ, ಸರಿಯಾದ ರೆಡಿಮೇಡ್ ಹಲಗೆ ತನ್ನಿ ಎಂದೇ ಹೇಳುತ್ತಿದ್ದೆ. ನಿಮಗೆ ಆ ಅವಸರ ಇಲ್ಲವಲ್ಲ.

ಹಾಗಾದರೆ ರೂಟರ್ ಕೊಳ್ಳಲೇ ಎಂದು ಮಗ ಕೇಳಬಹುದು. ಕೂತು ಲೆಕ್ಕ ಹಾಕಿ. 6 ಅಡಿಗೊಂದು ಕಂಬ ಅಂದರೆ 11 ಕಂಬ, 10 ಅಂಕಣ. ಅಂಕಣಕ್ಕೆ 11ರಂತೆ 110 ಹಲಗೆ, 660 ಅಡಿ. ಎರಡೂ ಅಂಚು ಸೇರಿ 1,320 ಅಡಿ. ಕೈ ರೂಟರಿನಲ್ಲಿ ರಿಬೇಟನ್ನು ಒಂದೇ ಸಲ ಪೂರ್ತಿ ತೆಗೆದರೆ ಮರ ಸುಡುತ್ತದೆ, ಸಿಬಿರು ಏಳುತ್ತದೆ. ಎರಡು ಸಲ ಓಡಿಸಬೇಕು. 2,640 ಅಡಿ ಆಯಿತು. ಮೆಷಿನ್ ಹಿಡಿದುಕೊಂಡು ಅರ್ಧ ಮೈಲಿ ನಡೆದ ಹಾಗೆ. ಅದಕ್ಕೂ ಮೊದಲು ಎರಡೂ ಮೈ ಹತ್ತರಿ ಹಿಡಿದು ಸಮ ಮಾಡಬೇಕು. ಮಾಡಬಾರದು ಅಂತಲ್ಲ. 20 ಹಲಗೆ ಆದರೆ ನಾನೇ ಮಾಡು ಮಗಾ ಅನ್ನುತ್ತಿದ್ದೆ. 110ಕ್ಕೆ ಬೇಡ. ಚೌಕಟ್ಟು ಮಾಡುವ ವರ್ಕ್‌ಶಾಪುಗಳಲ್ಲಿ ಮೋಲ್ಡಿಂಗ್ ಮೆಷಿನ್ ಇರುತ್ತದೆ. ಒಂದು ಕಡೆಯಿಂದ ಒರಟು ಹಲಗೆ ಕೊಟ್ಟರೆ ಇನ್ನೊಂದು ಕಡೆಯಿಂದ ನಾಲ್ಕೂ ಮೈ ನುಣುಪಾಗಿ, ಅಂಚು ಕೊರೆದು ಬರುತ್ತದೆ. ನಿಮ್ಮ ಮರ, ಅವರ ಮೆಷಿನ್, ಓಟಕ್ಕೆ ಅಡಿ ಲೆಕ್ಕದಲ್ಲಿ ಕೂಲಿ. ನನ್ನ ಸಲಹೆ ಇದೇ. ಮುಗಿದ ಹಲಗೆ ನಾಲ್ಕೂವರೆ ಇಂಚು ಅಗಲ, ಮುಕ್ಕಾಲು ಇಂಚು ದಪ್ಪ ಬರಬೇಕು ಎಂದು ಹೇಳಿ. ಬಿಳಿ ತೆಗೆದ ಮೇಲೂ ಸುಮಾರು 25 ಸಿ.ಎಫ್.ಟಿ. (ಘನ ಅಡಿ) ಸೀಳಿದ ಮರ ಕೈಯಲ್ಲಿರಲಿ, ಒಡಕು ಗಂಟಿಗೆ ಹೋಗುವುದೂ ಅದರಲ್ಲೇ ಸೇರಿತು.

ಆದರೆ ಮೆಷಿನಿಗೆ ಕೊಡುವ ಮೊದಲು ಮರ ಒಣಗಿರಲೇಬೇಕು. ಈಗ ಹೇಗೆ ಇಟ್ಟಿದ್ದೀರಿ? ಒಂದರ ಮೇಲೊಂದು ಸುಮ್ನೆ ಪೇರಿಸಿದ್ದರೆ ಇವತ್ತೇ ಬಿಡಿಸಿ. ನೆರಳಲ್ಲಿ, ನೆಲದಿಂದ ಒಂದಡಿ ಎತ್ತರಕ್ಕೆ, ಪ್ರತಿ ಸಾಲಿನ ನಡುವೆ ಒಣಗಿದ ಅಡಿಕೆ ಸಲಕೆ (ಅಡಿಕೆ ಮರ ಸೀಳಿದ ಪಟ್ಟಿ) ಇಟ್ಟು ಅಟ್ಟಿ ಹಾಕಿ. ಸಲಕೆಗಳು ಒಂದರ ನೇರಕ್ಕೆ ಒಂದು ಬರಬೇಕು, ಇಲ್ಲವಾದರೆ ಹಲಗೆ ಬಾಗುತ್ತದೆ. ಹಲಗೆಯ ತುದಿಗಳಿಗೆ ಹಳೇ ಪೈಂಟ್ ಬಳಿಯಿರಿ, ಸೀಳು ಬಿಡುವುದು ಅಲ್ಲಿಂದಲೇ. ಒಣಗಿತೋ ಇಲ್ಲವೋ ತಿಳಿಯಲು ಯಂತ್ರ ಬೇಡ. ಒಂದು ಹಲಗೆಗೆ ಗುರುತು ಹಾಕಿ, ಹದಿನೈದು ದಿನಕ್ಕೊಮ್ಮೆ ಅಡಿಕೆ ತೂಗುವ ತಕ್ಕಡಿಯಲ್ಲಿ ತೂಗಿ. ತೂಕ ಇಳಿಯುವುದು ಎಂದು ನಿಂತಿತೋ ಅಂದು ವರ್ಕ್‌ಶಾಪಿಗೆ ಒಯ್ಯಿರಿ.

ಕಂಬ ಮಾತ್ರ ಮರದ್ದು ಬೇಡ. ಕಲ್ಲಿನದೋ ಸಿಮೆಂಟಿನದೋ ನೆಟ್ಟು, ಅದಕ್ಕೆ ರೀಪು ಬೋಲ್ಟು ಮಾಡಿ, ರೀಪಿಗೆ ಹಲಗೆ ಸ್ಕ್ರೂ ಮಾಡಿ. ಕೊನೆಯ ಹಲಗೆಗೂ ಮಣ್ಣಿಗೂ ನಡುವೆ 4 ಇಂಚು ಖಾಲಿ ಇರಲಿ. ಒಂದೇ ಸ್ಕ್ರೂ ಎರಡು ಹಲಗೆಗಳನ್ನು ಸೇರಿಸಿ ಹಿಡಿಯಬಾರದು, ನೆನಪಿರಲಿ. ಈ ಕೆಲಸವೆಲ್ಲ ಮಗನೇ ಮಾಡಲಿ. ಚೆನ್ನಾಗಿ ಮಾಡಿಯಾನು.

ಪ್ರಶ್ನೆ: ಬೇಲಿ ಹಲಗೆಗೆ ಗೇರೆಣ್ಣೆ ಬಳಿಯಬಹುದೇ?
— ಒಬ್ಬ ಓದುಗರು, ಮುಳ್ಳೇರಿಯ

ಉತ್ತರ: ಬಳಿಯಬಹುದು. ಗೇರುಬೀಜದ ಸಿಪ್ಪೆಯ ಈ ಎಣ್ಣೆಯನ್ನು ದೋಣಿಗೆ ಬಳಿಯುವುದು ಹಿಂದಿನಿಂದ ಬಂದದ್ದು. ಮರದ ಬಣ್ಣ ಕಪ್ಪಾಗುತ್ತದೆ, ಅದಕ್ಕೆ ಒಪ್ಪಿಗೆ ಇದ್ದರೆ ಮಾತ್ರ. ಕೈಗವಸು ಹಾಕದೆ ಮುಟ್ಟಬೇಡಿ, ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ. ಪೂರ್ತಿ ಒಣಗುವವರೆಗೆ ಮಕ್ಕಳನ್ನು ಹತ್ತಿರ ಬಿಡಬೇಡಿ.

ಪ್ರಶ್ನೆ: ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ಅಗ್ಗಕ್ಕೆ ಸಿಗುತ್ತಿದೆ. ಅದರ ಮೇಲೆ ‘ಎಚ್.ಟಿ.’ ಎಂದು ಸೀಲ್ ಇದೆ. ಔಷಧಿ ಕೊಟ್ಟ ಮರ ಎಂದು ಅಂಗಡಿಯವರು ಹೇಳುತ್ತಾರೆ. ಸಮುದ್ರದ ಹತ್ತಿರ ನಮ್ಮ ಮನೆ.
— ಒಬ್ಬ ಓದುಗರು, ಮಂಜೇಶ್ವರ

ಉತ್ತರ: ಅದು ಔಷಧಿ ಅಲ್ಲ. ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇರುವಂತೆ ಬಿಸಿ ಮಾಡಿದ್ದಾರೆ ಎಂದು ಆ ಸೀಲಿನ ಅರ್ಥ. ಒಳಗಿದ್ದ ಹುಳು ಸಾಯುತ್ತದೆ, ನಾಳೆ ಬರುವ ಗೆದ್ದಲಿಗೆ ತಡೆ ಇಲ್ಲ. ‘ಎಂ.ಬಿ.’ ಎಂದು ಸೀಲ್ ಇದ್ದರೆ ವಿಷದ ಗಾಳಿ ಹಾಯಿಸಿದ ಮರ, ಅದನ್ನು ಮನೆಗೇ ತರಬೇಡಿ. ಯಾವ ಹಲಗೆ ಹಾಕಿದರೂ ನಿಮ್ಮ ಉಪ್ಪು ಗಾಳಿಗೆ ಕಬ್ಬಿಣದ ಮೊಳೆ ಬೇಡ. 316 ನಂಬರಿನ ಸ್ಟೀಲ್ ಸ್ಕ್ರೂ ಕೇಳಿ ತನ್ನಿ.