ಎಪಿಡ್ಯೂರಲ್ ಕ್ಯಾಥೆಟರ್ ಹಿಗ್ಗುತ್ತಿದೆ, ಹೊರಗೆ ಬರುತ್ತಿಲ್ಲ ಎಂದವರಿಗೆ
ರೋಗಿಯನ್ನು ಕೂರಿಸಿ ಎಳೆದರೆ ಕ್ಯಾಥೆಟರ್ (ನೋವಿನ ಔಷಧಿ ಕೊಡಲು ಬೆನ್ನಿನಲ್ಲಿ ಹಾಕಿದ ತೆಳು ಕೊಳವೆ) ಹಿಗ್ಗುತ್ತದೆ, ಹೊರಗೆ ಬರುವುದಿಲ್ಲ ಅಂದಿರಲ್ಲ, ಹೆಚ್ಚಾಗಿ ಅದು ಬೆನ್ನುಮೂಳೆಗಳ ನಡುವೆ ಅಥವಾ ಲಿಗಮೆಂಟಿನಲ್ಲಿ (ಮೂಳೆಗಳನ್ನು ಜೋಡಿಸುವ ಪಟ್ಟಿ) ಸಿಕ್ಕಿಕೊಂಡಿರುತ್ತದೆ. ಗಂಟು ಬಿದ್ದಿರಲೂಬಹುದು, ಹೊರಗಿನಿಂದ ಹೇಳಲು ಆಗುವುದಿಲ್ಲ.

ದಯವಿಟ್ಟು ಜೋರಾಗಿ ಎಳೆಯಬೇಡಿ, ತುಂಡಾಗುವುದು ಆಗಲೇ. ಪಕ್ಕಕ್ಕೆ ಮಲಗಿಸಿ, ಮಂಡಿಯನ್ನು ಹೊಟ್ಟೆಯ ಕಡೆ ಮಡಚಿಸಿ, ಹಾಕುವಾಗ ಇದ್ದ ಭಂಗಿಗೆ ಆದಷ್ಟು ಹತ್ತಿರ ತಂದು, ಚರ್ಮದ ಹತ್ತಿರವೇ ಹಿಡಿದು ನಿಧಾನವಾಗಿ ಒಂದೇ ಸಮನೆ ಎಳೆಯಿರಿ. ಬರದಿದ್ದರೆ ಬೆನ್ನನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ನೋಡಿ. ಆಗಲೂ ಇಲ್ಲವೆಂದರೆ ಸ್ಟೆರೈಲ್ ಡ್ರೆಸ್ಸಿಂಗ್ ಹಾಕಿ, ಕೆಲವು ಗಂಟೆ ಬಿಟ್ಟು ಮತ್ತೆ ಪ್ರಯತ್ನಿಸಿ. ಸುಮ್ನೆ ಕಾಯುವುದರಿಂದಲೇ ಎಷ್ಟೋ ಸಲ ಸಡಿಲವಾಗುತ್ತದೆ. ಎಳೆಯುವಾಗ ಕಾಲಿಗೆ ಶಾಕ್ ಹೊಡೆದಂತೆ ಆದರೆ ಅಲ್ಲೇ ನಿಲ್ಲಿಸಿ, ಸಿಟಿ ಸ್ಕ್ಯಾನ್ ಮಾಡಿಸಿ, ನ್ಯೂರೋಸರ್ಜನ್‌ಗೆ ತಿಳಿಸಿ.

ತೆಗೆಯುವಾಗ ಒಳಗೆ ರಕ್ತಸ್ರಾವ ಆಗಬಾರದು, ಹಾಗಾಗಿ ಪ್ರತಿ ಪ್ರಯತ್ನಕ್ಕೂ ಮೊದಲು ರಕ್ತ ತೆಳುವಾಗಿಸುವ ಔಷಧಿಯ ಸಮಯ ನೋಡಿ. ಅಂಥ ಔಷಧಿಯಾದ ಎನಾಕ್ಸಪರಿನ್, ರಕ್ತ ಹೆಪ್ಪುಗಟ್ಟದಂತೆ ತಡೆಗಟ್ಟುವ ಡೋಸ್ ಆಗಿದ್ದರೆ ಕೊನೆಯ ಡೋಸ್‌ನಿಂದ ಕನಿಷ್ಠ 12 ಗಂಟೆ ಆಗಿರಬೇಕು, ತೆಗೆದ ಮೇಲೆ ಮುಂದಿನದಕ್ಕೆ ಕನಿಷ್ಠ 4 ಗಂಟೆ. ಚಿಕಿತ್ಸೆಯ ಡೋಸ್‌ಗೆ ಇನ್ನೂ ಜಾಸ್ತಿ ಅಂತರ ಬೇಕು.

ಹೊರಗೆ ಬಂದ ಮೇಲೆ ತುದಿ ಪೂರ್ತಿ ಇದೆಯಾ ಅಂತ ನೋಡಿ ಬರೆದಿಡಿ. ತುಂಡು ಒಳಗೆ ಉಳಿದರೆ ರೋಗಿಗೆ ಹೇಳಲೇಬೇಕು. ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಆಪರೇಷನ್ ಮಾಡದೆ ಗಮನಿಸುತ್ತಾರೆ. ಆಮೇಲೆ ಕಾಲು ಸೋತರೆ, ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಬೆನ್ನುನೋವು ಹೆಚ್ಚಾದರೆ ಬೆಳಗಿನವರೆಗೆ ಕಾಯದೆ ತಕ್ಷಣ ಎಂಆರ್‌ಐ ಮಾಡಿಸಿ.