‘ಆ ಜಾಗ’ದ ಗಂಟು

ಓದುಗರ ಪತ್ರ: “ನನಗೆ 27 ವರ್ಷ. ಎರಡು ತಿಂಗಳ ಹಿಂದೆ ಸ್ನಾನ ಮಾಡುವಾಗ ಆ ಜಾಗದಲ್ಲಿ, ಬಲಗಡೆ, ಕಡಲೆಕಾಳಿನಷ್ಟು ಗಟ್ಟಿ ಗಂಟು ಕೈಗೆ ಸಿಕ್ಕಿತು. ದಿನಾ 60 ಕಿಲೋಮೀಟರ್ ಬೈಕ್ ಓಡಿಸುತ್ತೇನೆ. ಅದರಿಂದ ಆಗಿರಬಹುದಾ? ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ಆ ಜಾಗದ ವಿಷಯ ಯಾರ ಹತ್ತಿರ ಹೇಳೋದು? ನೋವಂತೂ ಇಲ್ಲ. ಸುಮ್ಮನೆ ಬಿಡಬಹುದಲ್ವಾ?”
— ಹೆಸರು ಬೇಡ, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ:

ಸುಮ್ಮನೆ ಬಿಡಬೇಡಿ ತಮ್ಮಾ. ಇದನ್ನು ಓದಿದ ವಾರದಲ್ಲೇ ಡಾಕ್ಟರಿಗೆ ತೋರಿಸಿ. ಪತ್ರದಲ್ಲಿ ಫೋನ್ ನಂಬರ್ ಇದ್ದಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆ. ಸಂಚಿಕೆ ಅಚ್ಚಾಗುವ ತನಕ ನೀವು ಕಾಯಬೇಕಾಯಿತಲ್ಲ ಎಂದು ನನಗೇ ಕಸಿವಿಸಿ.

ನೀವು ‘ಆ ಜಾಗ’ ಎಂದೇ ಬರೆದಿದ್ದೀರಿ. ಪುಸ್ತಕದವರು ವೃಷಣ ಅನ್ನುತ್ತಾರೆ. ನಾನು ಬೀಜ ಎಂದೇ ಬರೆಯುತ್ತೇನೆ, ಎಲ್ಲರಿಗೂ ತಿಳಿಯುವ ಮಾತು ಅದೇ.

ನಾನು ಹುಡುಗನಾಗಿದ್ದಾಗ ನಮ್ಮ ಓಣಿಯಲ್ಲಿ ಒಬ್ಬರು ಅಜ್ಜ ಇದ್ದರು. ಧೋತರದ ನಿರಿಗೆಯನ್ನು ಮುಂದೆ ದಪ್ಪಗೆ ಬಿಟ್ಟು ಉಡುತ್ತಿದ್ದರು. ಕಟ್ಟೆಯ ಮೇಲೆ ಕೂರುವಾಗ ಎರಡೂ ಕೈಯಿಂದ ಏನನ್ನೋ ಎತ್ತಿಟ್ಟುಕೊಂಡು ಕೂರುತ್ತಿದ್ದರು. ನಾವು ಹುಡುಗರು ಮರೆಯಲ್ಲಿ ನಿಂತು ನಗುತ್ತಿದ್ದೆವು. ಅದು ಹೈಡ್ರೋಸೀಲ್, ಬೀಜದ ಸುತ್ತ ನೀರು ತುಂಬಿಕೊಳ್ಳುವುದು ಎಂದು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಆನೆಕಾಲು ರೋಗ ಇರುವ ಕರಾವಳಿಯಲ್ಲಿ, ಕಲಬುರಗಿ-ಬೀದರ್ ಕಡೆ ಸೊಳ್ಳೆ ಕಡಿತದಿಂದಲೂ ಇದು ಬರುತ್ತದೆ. ಸಣ್ಣ ಆಪರೇಷನ್ನಿಗೆ ಹೋಗುವಂಥದ್ದು. ಅಜ್ಜ ನಾಚಿಕೆಗೆ ಅಂಜಿ ಸಾಯುವ ತನಕ ಹೊತ್ತುಕೊಂಡೇ ಓಡಾಡಿದರು.

ಅಲ್ಲಿ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಬೀಜದ ಹಿಂಭಾಗದಲ್ಲಿ ಮೆತ್ತಗಿನ ಕೊಳವೆಯಂಥದ್ದು ಎಲ್ಲರಿಗೂ ಇರುತ್ತದೆ. ಅದನ್ನೇ ಗಂಟು ಎಂದು ಹೆದರುವವರು ಬಹಳ. ಅದರಲ್ಲಿ ಸಣ್ಣ ನೀರುಗುಳ್ಳೆ ಆಗುವುದೂ ಉಂಟು. ಎಡಗಡೆ ರಕ್ತನಾಳ ಉಬ್ಬಿದರೆ ಕೈಗೆ ಎರೆಹುಳುಗಳ ಗೊಂಚಲು ಮುಟ್ಟಿದ ಹಾಗಿರುತ್ತದೆ, ಅದು ವೇರಿಕೋಸೀಲ್. ಒಂದು ಬೀಜ ಇನ್ನೊಂದಕ್ಕಿಂತ ಚೂರು ಕೆಳಗೆ ಜೋತಿರುವುದಂತೂ ರೋಗವೇ ಅಲ್ಲ.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು ‘ನೋವಿಲ್ಲ’ ಎಂಬುದು. ನಮ್ಮಲ್ಲಿ ನೋವಾದರೆ ಮಾತ್ರ ಡಾಕ್ಟರು, ಇಲ್ಲದಿದ್ದರೆ ಏನೂ ಇಲ್ಲ ಎಂಬ ಲೆಕ್ಕ. ಇಲ್ಲಿ ಆ ಲೆಕ್ಕ ತಲೆಕೆಳಗು. ಬೀಜದ ಮೈಯಲ್ಲೇ ಕೂತ, ಗಟ್ಟಿಯಾದ, ನೋವಿಲ್ಲದ ಗಂಟನ್ನೇ ಡಾಕ್ಟರುಗಳು ಮೊದಲು ಅನುಮಾನಿಸುವುದು. ಬೀಜದ ಕ್ಯಾನ್ಸರ್ ನಮ್ಮ ದೇಶದಲ್ಲಿ ಅಪರೂಪ. ಬಂದರೆ ಮಾತ್ರ ಹೆಚ್ಚಾಗಿ 15ರಿಂದ 40ರೊಳಗಿನವರಿಗೇ ಬರುತ್ತದೆ.

ಬೈಕನ್ನು ಬೈಯಬೇಡಿ. ಸವಾರಿಯಿಂದಾಗಲಿ, ಬಿಗಿ ಚಡ್ಡಿಯಿಂದಾಗಲಿ ಇದು ಬರುವುದಿಲ್ಲ. ಚಿಕ್ಕವರಿದ್ದಾಗ ಬೀಜ ಕೆಳಗಿಳಿದಿರಲಿಲ್ಲವಾ ಎಂದು ಅವ್ವನನ್ನು ಕೇಳಿ. ಹಾಗಿದ್ದವರಿಗೆ ಅಪಾಯ ಜಾಸ್ತಿ, ಡಾಕ್ಟರಿಗೂ ಅದನ್ನು ಹೇಳಬೇಕು.

ಆಸ್ಪತ್ರೆಯಲ್ಲಿ ಏನಾಗುತ್ತದೆ ಎಂಬುದೇ ನಿಮ್ಮ ದೊಡ್ಡ ಭಯ ಅನಿಸುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಸರ್ಜರಿ ವಿಭಾಗಕ್ಕೆ ಚೀಟಿ ಮಾಡಿಸಿ. ಚೀಟಿ ಬರೆಯುವವರಿಗೆ ‘ಸರ್ಜನ್ ನೋಡಬೇಕು, ಗಂಟಿದೆ’ ಅಂದರೆ ಸಾಕು. ಎಲ್ಲಿ ಎಂಬುದನ್ನು ಒಳಗೆ ಡಾಕ್ಟರಿಗೆ ಹೇಳಿದರಾಯಿತು. ಅವರು ಪರದೆ ಎಳೆದು, ಎರಡೂ ಬೀಜಗಳನ್ನು ಬೆರಳಿನ ನಡುವೆ ಹಿಡಿದು ನೋಡುತ್ತಾರೆ. ನಿಲ್ಲಿಸಿ ಕೆಮ್ಮಿಸುತ್ತಾರೆ, ಹರ್ನಿಯಾ ಇದೆಯಾ ಎಂದು ತಿಳಿಯಲು. ಟಾರ್ಚ್ ಹಿಡಿಯಬಹುದು. ನೀರು ತುಂಬಿದ್ದರೆ ಬೆಳಕು ಕೆಂಪಗೆ ಹಾಯುತ್ತದೆ. (ಮನೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೀವೇ ತೀರ್ಮಾನ ಮಾಡಬೇಡಿ, ನೀರಿನ ಮರೆಯಲ್ಲಿ ಗಡ್ಡೆ ಇರುವುದೂ ಉಂಟು.) ಆಮೇಲೆ ಸ್ಕ್ಯಾನಿಂಗ್. ತಣ್ಣನೆಯ ಜೆಲ್ ಸವರಿದಾಗ ಒಂದು ಸಲ ಬೆಚ್ಚಿಬೀಳುತ್ತೀರಿ, ಅಷ್ಟೆ. ಅನುಮಾನ ಬಂದರೆ ರಕ್ತಪರೀಕ್ಷೆಗೂ ಬರೆದುಕೊಡುತ್ತಾರೆ.

ಕ್ಯಾನ್ಸರ್ ಅನುಮಾನ ಗಟ್ಟಿಯಾದರೆ ತೊಡೆಸಂದಿಯಲ್ಲಿ ಕೊಯ್ದು ಆ ಬೀಜ ತೆಗೆಯುತ್ತಾರೆ. ಚೀಲಕ್ಕೆ ಸೂಜಿ ಚುಚ್ಚಿ ನೋಡುವ ಪದ್ಧತಿಯಿಲ್ಲ, ಹರಡುವ ಭಯ. ಉಳಿದ ಬೀಜ ಚೆನ್ನಾಗಿದ್ದರೆ ಮದುವೆಗೂ ಸಾಕು, ಮಕ್ಕಳಿಗೂ ಸಾಕು. ಕೀಮೋ ಬೇಕಾದರೆ ಅದಕ್ಕೂ ಮೊದಲೇ ವೀರ್ಯವನ್ನು ತೆಗೆದಿಡಿಸುವ ಬಗ್ಗೆ ಕೇಳಿ. ನಾಚಿಕೆಯಿಂದ ಬಿಡಬೇಡಿ.

ಬೇಗ ಸಿಕ್ಕರೆ ನೂರಕ್ಕೆ 95ಕ್ಕಿಂತ ಜಾಸ್ತಿ ಜನ ಗುಣವಾಗುತ್ತಾರೆ. 1970ರ ದಶಕಕ್ಕೆ ಮೊದಲು ಹರಡಿದ ಬೀಜದ ಕ್ಯಾನ್ಸರ್ ಅಂದರೆ ಬಹುಪಾಲು ಸಾವೇ. 1974ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಡಾಕ್ಟರ್ ಲಾರೆನ್ಸ್ ಐನ್‌ಹಾರ್ನ್ ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ಬೇರೆ ಎರಡು ಔಷಧಗಳ ಜೊತೆ ಸೇರಿಸಿ ಕೊಟ್ಟು ನೋಡಿದರು. ಕಥೆಯೇ ಬದಲಾಯಿತು. ಸೈಕಲ್ ಓಟಗಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ಗೆ 1996ರಲ್ಲಿ, 25ನೇ ವಯಸ್ಸಿಗೆ ಇದು ಗೊತ್ತಾದಾಗ ಶ್ವಾಸಕೋಶ, ಮಿದುಳು ಎರಡಕ್ಕೂ ಹರಡಿತ್ತು. ಅಷ್ಟು ತಡವಾಗಿದ್ದರೂ ಬದುಕಿದ. ಮುಂದೆ ನಿಷೇಧಿತ ಉದ್ದೀಪನ ಮದ್ದು ಸೇವಿಸಿ ಸಿಕ್ಕಿಬಿದ್ದು ಹೆಸರು ಕೆಡಿಸಿಕೊಂಡದ್ದು ಬೇರೆ ಮಾತು.

ಗಂಡುಮಕ್ಕಳಿರುವ ಮನೆಯವರಿಗೂ ಇಲ್ಲೇ ಒಂದು ಮಾತು. ಹುಡುಗನಿಗೆ ಇದ್ದಕ್ಕಿದ್ದಂತೆ ಒಂದು ಬೀಜ ವಿಪರೀತ ನೋಯುತ್ತಿದ್ದರೆ, ಜೊತೆಗೆ ವಾಂತಿಯಾದರೆ, ಬೀಜ ತಿರುಚಿಕೊಂಡು ರಕ್ತ ನಿಂತಿರಬಹುದು. ಸುಮಾರು 6 ಗಂಟೆಯೊಳಗೆ ಆಪರೇಷನ್ ಆಗಬೇಕು, ಇಲ್ಲದಿದ್ದರೆ ಬೀಜ ಉಳಿಯುವುದು ಕಷ್ಟ. ನಾಚಿಕೆಯ ಹುಡುಗರು ‘ಹೊಟ್ಟೆನೋವು’ ಅಂದುಬಿಡುತ್ತಾರೆ. ಬೆಳಗಾಗಲಿ ಎಂದು ಕಾಯಬೇಡಿ.

ನಿಮಗೆ ಇನ್ನೇನು ಹೇಳಲಿ? ಒಬ್ಬರೇ ಹೋಗಲು ಹಿಂಜರಿಕೆ ಆದರೆ ಒಬ್ಬ ಗೆಳೆಯನನ್ನು ಕರೆದುಕೊಂಡು ಹೋಗಿ. ಸೋಮವಾರ ಸಾಲು ಉದ್ದ ಇರುತ್ತದೆ, ಮಂಗಳವಾರ ಹೋಗಿ. ಬಂದ ಮೇಲೆ ಒಂದು ಕಾರ್ಡ್ ಹಾಕಿ. ಹೆಸರು ಬರೆಯದಿದ್ದರೂ ನಡೆಯುತ್ತದೆ. ‘ತೋರಿಸಿದೆ’ ಎಂದಷ್ಟೇ ಬರೆದರೆ ಸಾಕು.