ಮೊಲ ಮೇಯ್ದ ಪಾಚಿ ಎಲ್ಲಿಗೆ ಹೋಯಿತು?

"ನನ್ನ ರೀಫ್ ಟ್ಯಾಂಕಿನ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಕಲ್ಲುಗಳ ಮೇಲೆಲ್ಲ ಕೂದಲು ಪಾಚಿ. ಒಂದು ಕಡಲ ಮೊಲ (ಬಸವನಹುಳುವಿನ ನೆಂಟ, ಪಾಚಿ ಮೇಯುವ ಕಡಲ ಜೀವಿ) ತಂದು ಬಿಟ್ಟರೆ ವಾರದೊಳಗೆ ಕ್ಲೀನ್ ಅಂತಾರೆ ಗೆಳೆಯರು. ತರಬಹುದೇ?" ಎಂದು ಓದುಗರೊಬ್ಬರು ಕೇಳಿದ್ದಾರೆ.

ಕ್ಲೀನ್ ಆಗುವುದು ನಿಜ. ಅನೇಕ ಬಸವನಹುಳುಗಳು ಮೂಸಿಯೂ ನೋಡದ ಉದ್ದ ಪಾಚಿಯನ್ನು ಡೊಲಾಬೆಲ್ಲಾ ಜಾತಿಯ ಕಡಲ ಮೊಲ ತಲೆಯನ್ನು ಅತ್ತಿತ್ತ ಆಡಿಸುತ್ತ ಮೇಯ್ದುಕೊಂಡು ಹೋಗುತ್ತದೆ. ಅದು ಹೋದ ದಾರಿಯಲ್ಲಿ ಕಲ್ಲು ಬೋಳು. ನಿಮ್ಮ ಗೆಳೆಯರ ಪರ ಇಷ್ಟು ಹೇಳಿದೆ, ಸಾಕು.

ಈಗ ಅದರ ಹಿಂಭಾಗವನ್ನೂ ಸ್ವಲ್ಪ ನೋಡಿ. ಉಂಡೆ ಉಂಡೆಯಾಗಿ ಹಿಕ್ಕೆ ಬೀಳುತ್ತಿರುತ್ತದೆ. ಪಾಚಿ ಹೀರಿಕೊಂಡಿದ್ದ ನೈಟ್ರೇಟು, ಫಾಸ್ಫೇಟಿನ ಬಹುಪಾಲು ಹೀಗೆ ಅದೇ ನೀರಿಗೆ ವಾಪಸ್. ಅದೇ ಪಾಚಿಯನ್ನು ನೀವು ಕೈಯಿಂದ ಕಿತ್ತು ಹೊರಗೆ ಎಸೆದಿದ್ದರೆ ಅಷ್ಟೂ ಟ್ಯಾಂಕಿನಿಂದ ಹೊರಗೆ ಹೋಗುತ್ತಿತ್ತು. ಬೇಜಾರಿನ ಕೆಲಸ, ಬೆರಳು ಸುಕ್ಕಾಗುತ್ತದೆ. ಆದರೂ ಅದನ್ನು ಮೀರಿಸುವ ಉಪಾಯ ನನಗಂತೂ ಕಂಡಿಲ್ಲ.

ಪಾಚಿ ಮುಗಿದ ಮೇಲೆ ಮೊಲದ ಗತಿಯೇನು? ಉಪವಾಸ. ಕಡಲಲ್ಲಿ ಒಂದಡಿಗೂ ಮೀರಿ ಬೆಳೆಯಬಲ್ಲ ಪ್ರಾಣಿಗೆ ಚೊಕ್ಕಟ ಟ್ಯಾಂಕೆಂದರೆ ಬರಗಾಲ. ನೋರಿ (ಒಣಗಿಸಿದ ಕಡಲಪಾಚಿ) ಹಾಳೆ ಕೊಟ್ಟು ಸಾಕುವವರಿದ್ದಾರೆ; ಅವರಿಗೆ ನಮಸ್ಕಾರ. ಉಳಿದವರ ಟ್ಯಾಂಕುಗಳಲ್ಲಿ ಅದು ಹಸಿದು ಅಲೆದಾಡಿ ನೀರು ಕಲಕುವ ಪಂಪಾದ ಪವರ್‌ಹೆಡ್ಡಿನ ಬಾಯಿಗೆ ಸಿಗುತ್ತದೆ. ನನ್ನ ಪರಿಚಿತರೊಬ್ಬರ ಮನೆಯಲ್ಲಿ ಹಾಗೆಯೇ ಆಯಿತು: ಬೆಳಗಾಗುವಷ್ಟರಲ್ಲಿ ಅದು ಉಗುಳಿದ ಮಸಿಯಿಂದ ನೀರೆಲ್ಲ ನೇರಳೆ, ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ನೀರು ಶುದ್ಧ ಮಾಡುವ ಕಾರ್ಬನ್ ಸುರಿದು, ನೀರು ಬದಲಿಸಿ ಹೈರಾಣಾದರು. ಮಾರಿದ ಅಂಗಡಿಯವನು ಈ ಮಸಿಯ ಸುದ್ದಿಯನ್ನೇ ಎತ್ತಿರಲಿಲ್ಲ.

ನನ್ನ ಸಿಟ್ಟು ಇರುವುದು ಇಲ್ಲೇ. ನರವಿಜ್ಞಾನಿ ಎರಿಕ್ ಕ್ಯಾಂಡೆಲ್ ನೆನಪಿನ ಗುಟ್ಟು ಹುಡುಕಿದ್ದು ಕಡಲ ಮೊಲದ ಸುಮಾರು 20,000 ನರಕೋಶಗಳಲ್ಲಿ. 2000ದ ನೊಬೆಲ್ ಪ್ರಶಸ್ತಿಯಲ್ಲಿ ಪಾಲೂ ಪಡೆದರು. ಡೊಲಾಬೆಲ್ಲಾದಲ್ಲಿ ಸಿಕ್ಕ ಡೊಲಾಸ್ಟಾಟಿನ್ ಎಂಬ ವಸ್ತುವಿನ ಜಾಡು ಹಿಡಿದೇ ಕ್ಯಾನ್ಸರಿನ ಔಷಧವೊಂದು ಬಂತು. ಅಂಥ ಜೀವ ನಮಗೆ ಬಾಡಿಗೆ ಪೊರಕೆ! 1935ರಲ್ಲಿ ಕಬ್ಬಿನ ಜೀರುಂಡೆ ತಿನ್ನಲೆಂದು ಆಸ್ಟ್ರೇಲಿಯಾಕ್ಕೆ ಕಪ್ಪೆ ತಂದವರದೂ ಇದೇ ಲೆಕ್ಕಾಚಾರವಾಗಿತ್ತು. ಜೀರುಂಡೆ ಹಾಗೇ ಉಳಿಯಿತು, ಕಪ್ಪೆ ಖಂಡದಲ್ಲಿ ಹಬ್ಬಿತು. ತೊಂದರೆ ತಂದಿಟ್ಟವರು ನಾವು, ತೊಳೆಯಲು ಇನ್ನೊಂದು ಪ್ರಾಣಿ. ಈಚೆಗೆ ಯಾವ ಹವ್ಯಾಸ ನೋಡಿದರೂ ಇದೇ ಚಾಳಿ: ಕಾಯುವ ವ್ಯವಧಾನವಿಲ್ಲ, ಕೊಳ್ಳುವ ಆತುರ ಮಾತ್ರ ಧಾರಾಳ.

ನೀವು ಕೊಳ್ಳುವ ಮೊದಲು ಕೇಳಿದಿರಲ್ಲ, ಅದೇ ಸಂತೋಷ. ಆದರೆ ಎರಡು ಪುಟದ ಪತ್ರದಲ್ಲಿ ದಿನಕ್ಕೆಷ್ಟು ಆಹಾರ ಹಾಕುತ್ತೀರಿ, ಆರ್‌ಓ ನೀರೋ ನಲ್ಲಿ ನೀರೋ, ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರಿನ ಕಪ್ ತೊಳೆದು ಎಷ್ಟು ದಿನವಾಯಿತು, ಒಂದನ್ನೂ ಬರೆದಿಲ್ಲ. ಫಾಸ್ಫೇಟ್ ಪರೀಕ್ಷೆ ಮಾಡಿ, ಅಂಕಿ ಸಮೇತ ಮತ್ತೆ ಬರೆಯಿರಿ. ಫಾಸ್ಫೇಟನ್ನು ಪಾಚಿಯೇ ಹೀರಿಕೊಂಡಿರುವಾಗ ಅಂಕಿ ಕಡಿಮೆ ಬಂದೀತು. ಅದನ್ನು ನೋಡಿ ಮೋಸಹೋಗಬೇಡಿ.